ಮಂಜಿನ ಫೋಟೊ ಬೆಟ್ಟಕ್ಕಿಂತ ಮೊದಲು ಹೊಲಕ್ಕೆ ಬೇಕು

ಹೋದ ಚಳಿಗಾಲದ ಒಂದು ರಾತ್ರಿ ನಮ್ಮ ಬಾಳೆ ತೋಟಕ್ಕೆ ಆನೆ ನುಗ್ಗಿತ್ತು. ಪರಿಹಾರದ ಅರ್ಜಿ ಜೊತೆ ಇಡೋಣ ಎಂದು ಬೆಳಗ್ಗೆ ಎದ್ದವನೇ ಮಂಜಿನಲ್ಲೇ ಓಡಿಹೋಗಿ ಮೂವತ್ತು ಫೋಟೊ ತೆಗೆದು ತಂದೆ. ಚಿಕ್ಕಪ್ಪ ಮೊಬೈಲ್ ಇಸಕೊಂಡು ನೋಡಿ, "ಇದೇನ್ಲಾ, ಸುಣ್ಣ ಬಳ್ದಿರೋ ಗೋಡೆ ಫೋಟೊ ತಕ್ಕಂಡು ಬಂದಿದ್ದೀಯ?" ಎಂದರು. ಮಾತು ನಿಜವಾಗಿತ್ತು. ಮುರಿದ ಬಾಳೆಯೂ ಕಾಣುತ್ತಿರಲಿಲ್ಲ, ಆನೆ ಹೆಜ್ಜೆಯೂ ಕಾಣುತ್ತಿರಲಿಲ್ಲ. ಪತ್ರಿಕೋದ್ಯಮ ಓದಿದ ನನಗೆ ನಾಚಿಕೆಯಾಯಿತು.

ಮಂಜಿನ ಫೋಟೊ ಎಂದರೆ ನಮಗೆಲ್ಲ ನೆನಪಾಗುವುದು ಹಿಮವದ್ ಗೋಪಾಲಸ್ವಾಮಿ ಬೆಟ್ಟ. 1,454 ಮೀಟರ್ ಎತ್ತರದ ಬೆಟ್ಟ, ಮೇಲೆ ಮೋಡವೇ ಬಂದು ತಾಗುತ್ತದೆ. ಖಾಸಗಿ ಗಾಡಿ ಕೆಳಗೇ ನಿಲ್ಲಿಸಿ ಸರ್ಕಾರಿ ಬಸ್ ಹತ್ತಬೇಕು. ಮೇಲೆ ತಲುಪುವ ಹೊತ್ತಿಗೆ ಸೂರ್ಯ ಎದ್ದು ಎಷ್ಟೋ ಹೊತ್ತಾಗಿರುತ್ತದೆ. ಇನ್ನು ಸೂರ್ಯಕಾಂತಿ ಕಾಲದಲ್ಲಿ ಊಟಿ ರಸ್ತೆ, ಕೇರಳ ರಸ್ತೆ ಉದ್ದಕ್ಕೂ ಕಾರು ನಿಲ್ಲುತ್ತವೆ. ಹೊಲದೊಳಗೆ ನುಗ್ಗಿ ಗಿಡ ತುಳಿಯುವವರ ಕಾಟಕ್ಕೆ ಕೆಲವು ರೈತರು ಫೋಟೊಗೆ ಇಷ್ಟು ಎಂದು ದುಡ್ಡು ಕೇಳುತ್ತಾರೆ. ಕೇಳಿದರೆ ತಪ್ಪೇನಿಲ್ಲ.

ನನ್ನ ಮಾತು ಬೇರೆ. ನಮ್ಮ ಮಂಜನ್ನು ಹೊರಗಿನವರು ಇಷ್ಟು ಚೆನ್ನಾಗಿ ಸೆರೆಹಿಡಿಯುವಾಗ, ಅದೇ ಮಂಜಿನಲ್ಲಿ ದಿನಾ ಓಡಾಡುವ ನಮಗೆ ಒಂದು ಸ್ಪಷ್ಟ ಫೋಟೊ ತೆಗೆಯಲು ಬರಬೇಡವೇ? ಕಾಡಂಚಿನ ಊರುಗಳಲ್ಲಿ ಆನೆ, ಹಂದಿ ಬರುವುದು ರಾತ್ರಿ, ನಮಗೆ ಗೊತ್ತಾಗುವುದು ಬೆಳಗಿನ ಜಾವ. ಸಾಕ್ಷಿ ಸಿಗುವ ಹೊತ್ತೂ ಮಂಜು ಕವಿದ ಹೊತ್ತೂ ಒಂದೇ. ಹಾಗಾಗಿ ಇದು ಶೋಕಿ ಅಲ್ಲ, ಬೇಸಾಯದ ಕೆಲಸವೇ.

ಫೋಟೊ ಮಸುಕಾಗಲು ಮೊಬೈಲ್ ಅಗ್ಗದ್ದು ಎಂಬುದು ಕಾರಣವಲ್ಲ. ಕಪ್ಪು ಬಿಳುಪಿನ ವ್ಯತ್ಯಾಸ ಎದ್ದು ಕಾಣುವ ಕಡೆ ಕ್ಯಾಮೆರಾ ಫೋಕಸ್ ಹಿಡಿಯುತ್ತದೆ. ಮಂಜು ಆ ವ್ಯತ್ಯಾಸವನ್ನೇ ಅಳಿಸುತ್ತದೆ, ಪಾಪ, ಅದು ತಡಕಾಡುತ್ತದೆ. ಆಫ್ರಿಕಾದ ನಮೀಬ್ ಮರಳುಗಾಡಿಗೂ ಸಮುದ್ರದ ಕಡೆಯಿಂದ ಮಂಜು ಬರುತ್ತದೆ. ಬರೀ ಮರಳು, ಬರೀ ಮಂಜು ಇರುವಲ್ಲಿ ಒಂದು ಒಣಮರ ಸಿಕ್ಕರೆ ಸಾಕು, ಕ್ಯಾಮೆರಾಗೂ ಕಣ್ಣಿಗೂ ಹಿಡಿಯಲು ಏನೋ ಸಿಕ್ಕಂತೆ. ನಮಗೆ ಬೇಲಿ ಗೂಟ, ಕರೆಂಟ್ ಕಂಬ, ತೆಂಗಿನ ಮರ ಇವೆಯಲ್ಲ!

ಮೊದಲು ಲೆನ್ಸ್ ಒರೆಸಿ. ಬೆರಳಿನ ಎಣ್ಣೆ, ಜೇಬಿನ ಬೆವರು, ಮಂಜಿನ ಹನಿ ಮೂರೂ ಅಲ್ಲೇ ಕೂತಿರುತ್ತವೆ. ಒಣಗಿದ ಹತ್ತಿ ಬಟ್ಟೆ ಸಾಕು. ಫ್ಲಾಶ್ ಆರಿಸಿ. ಅದರ ಬೆಳಕು ಮಂಜಿನ ಹನಿಗೇ ಬಡಿದು ವಾಪಸ್ ಬರುತ್ತದೆ, ಎದುರಿನ ಬಾಳೆ ಕಾಣುವುದಿಲ್ಲ. ಹತ್ತು ಹದಿನೈದು ಹೆಜ್ಜೆ ದೂರದ ಕಂಬವನ್ನೋ ಮರದ ಬುಡವನ್ನೋ ಪರದೆ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ, ಹೆಚ್ಚಿನ ಮೊಬೈಲ್‌ಗಳಲ್ಲಿ ಫೋಕಸ್ ಅಲ್ಲೇ ನಿಲ್ಲುತ್ತದೆ. ಮಂಜು ಬೂದಿ ಬಣ್ಣಕ್ಕೆ ತಿರುಗಿದರೆ ಬೆಳಕನ್ನು ಒಂಚೂರು ಮೇಲಕ್ಕೆ ಎಳೆಯಿರಿ.

ಬೆಳಕು ಕಮ್ಮಿ ಇದ್ದಾಗ ಕ್ಯಾಮೆರಾ ಕಣ್ಣು ಹೆಚ್ಚು ಹೊತ್ತು ತೆರೆದಿರುತ್ತದೆ, ಕೈ ಅಲುಗಿದರೆ ಚಿತ್ರವೂ ಅಲುಗುತ್ತದೆ. ಮೊಬೈಲನ್ನು ಗೂಟಕ್ಕೆ ಆನಿಸಿ, ಇಲ್ಲವೇ ಮೊಣಕೈಗಳನ್ನು ಎದೆಗೆ ಒತ್ತಿಕೊಳ್ಳಿ. ಎರಡು ಸೆಕೆಂಡಿನ ಟೈಮರ್ ಇಟ್ಟರೆ ಇನ್ನೂ ಒಳ್ಳೆಯದು. ಜೂಮ್ ಬೇಡ, ಎರಡು ಹೆಜ್ಜೆ ಮುಂದೆ ಹೋಗಿ. ಒಂದು ಫೋಟೊದಲ್ಲಿ ಮನೆಯೋ ಕಂಬವೋ ಬಂದು ಹೊಲ ಯಾವುದೆಂದು ತಿಳಿಯಬೇಕು, ಇನ್ನೊಂದು ಹತ್ತಿರದ್ದು ಇರಬೇಕು. ಹೆಜ್ಜೆ ಗುರುತಿನ ಪಕ್ಕ ಕುಡುಗೋಲು ಇಟ್ಟರೆ ಅಳತೆ ಗೊತ್ತಾಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಇದೆಲ್ಲಕ್ಕಿಂತ ದೊಡ್ಡದು ಒಂದಿದೆ, ನನ್ನ ಹಾಗೆ ಓಡಬೇಡಿ. ಆನೆ ಹೋಯಿತು ಎಂದುಕೊಂಡ ಜಾಗದಲ್ಲೇ ಅದು ನಿಂತಿರಬಹುದು. ಮಂಜಿನಲ್ಲಿ ಇಪ್ಪತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗಾಡಿ ಬಿಡದಿರುವುದು ಆ ಹೊತ್ತು ಪ್ರಾಣಿಗಳದ್ದು ಎಂದೇ. ಆ ಲೆಕ್ಕ ಕಾಡಂಚಿನ ಹೊಲಕ್ಕೂ ಸಲ್ಲುತ್ತದೆ. ಬೆಳಕು ಹರಿಯಲಿ, ಇಬ್ಬರು ಮೂವರು ಸೇರಿ ಹೋಗಿ. ಫೋಟೊ ಅರ್ಧ ಗಂಟೆ ತಡವಾದರೆ ಬಾಳೆ ಮತ್ತೆ ಎದ್ದು ನಿಲ್ಲುವುದಿಲ್ಲ.

ಕಲಿಯಲು ಆನೆ ಬರುವವರೆಗೆ ಕಾಯಬೇಕಿಲ್ಲ. ನಾಳೆ ಬೆಳಗ್ಗೆ ಹಾಲು ಹಾಕಿ ಬರುವಾಗ ಊರ ಮುಂದಿನ ಮರದ್ದೊಂದು ಫೋಟೊ ತೆಗೆದು ನೋಡಿ. ಚೆನ್ನಾಗಿ ಬಂದರೆ ಸ್ಟೇಟಸ್‌ಗೂ ಹಾಕಿ, ಕೆಳಗೆ ನಿಮ್ಮ ಊರ ಹೆಸರು ಬರೆಯಿರಿ. ನೋಡಿದವರು ಊಟಿ ಅಂದುಕೊಳ್ಳದಿರಲಿ.