ಮಜ್ಜೆಯ ರಿಪೋರ್ಟಿನಲ್ಲಿ ಏನು ಓದಬೇಕು?

ಬೆಳ್ತಂಗಡಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಮಂಗಳೂರಿಗೆ ಬಂದವರ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಮಜ್ಜೆ ಪರೀಕ್ಷೆಯ ರಿಪೋರ್ಟು. ಬಂಟ್ವಾಳದವರಾಗಲಿ, ಮೂಡುಬಿದಿರೆಯವರಾಗಲಿ, ಕೇಳುವುದು ಒಂದೇ: "ಇನ್ನೆಷ್ಟು ವರ್ಷ ಡಾಕ್ಟ್ರೇ?" ಕೇಳುವವರು ಜೊತೆಗೆ ಬಂದ ಮಗನೋ ಭಾವನೋ, ಅದೂ ರೋಗಿ ಹೊರಗೆ ಹೋದ ಮೇಲೆ.

ಆ ರಿಪೋರ್ಟಿನಲ್ಲಿ ಬರೆದಿರುವ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್, ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ನಮ್ಮ ದೇಶದಲ್ಲಿ ದುಡಿಯುವ ವಯಸ್ಸಿನವರಲ್ಲೇ ಹೆಚ್ಚಾಗಿ ಕಾಣಿಸುತ್ತದೆ. ಬೀಡಿ ಕಟ್ಟುತ್ತ ಕೂತಾಗ ಎಡ ಪಕ್ಕೆಯ ಕೆಳಗೆ ಭಾರ, ನಾಲ್ಕು ತುತ್ತು ಗಂಜಿಗೇ ಹೊಟ್ಟೆ ತುಂಬಿದಂತೆ. ಗುಲ್ಮ ಊದಿರುತ್ತದೆ. ಮಲೇರಿಯಾ ಕಂಡ ಜಿಲ್ಲೆಯಲ್ಲವೆ, ಮೊದಲು ಆ ಕಡೆಗೇ ಯೋಚನೆ ಹೋಗುತ್ತದೆ. ರಕ್ತ ನೋಡಿದರೆ, ಹನ್ನೊಂದು ಸಾವಿರದೊಳಗೆ ಇರಬೇಕಾದ ಬಿಳಿ ಕಣ ಲಕ್ಷ ದಾಟಿರುತ್ತದೆ.

ಮನೆಯವರು ಹೆದರುವುದು ಆ ಲಕ್ಷಕ್ಕೆ. ಆದರೆ ಮುಖ್ಯವಾದ ಅಂಕಿ ಬೇರೆ ಇದೆ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಸೊಂಟದ ಹಿಂಬದಿಯ ಮೂಳೆಯ ಬಳಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿಯಿಂದ ಮಜ್ಜೆ ಎಳೆಯುತ್ತಾರೆ. ಎಳೆಯುವ ಆ ಕ್ಷಣ ಕಾಲಿನವರೆಗೂ ಸೆಳೆದಂತೆ ನೋವು, ಮುಗಿದರೆ ಮುಗಿಯಿತು. ಗಾಜಿನ ಮೇಲೆ ಸವರಿದ ಆ ಮಜ್ಜೆಯಲ್ಲಿ ಬಲಿಯದ ಕಣಗಳನ್ನು, ಅಂದರೆ ಬ್ಲಾಸ್ಟ್‌ಗಳನ್ನು, ಎಣಿಸುತ್ತಾರೆ. ಶೇ 10ಕ್ಕಿಂತ ಕಡಿಮೆ ಇದ್ದರೆ ರೋಗ ಸಾಮಾನ್ಯವಾಗಿ ನಿಧಾನದ ಹಂತದಲ್ಲಿದೆ. 20 ಮುಟ್ಟಿದರೆ ಬ್ಲಾಸ್ಟ್ ಹಂತ, ಅದು ಕಷ್ಟದ್ದು. ಬಿಳಿ ಕಣ ಎರಡು ಲಕ್ಷವಿದ್ದು ಬ್ಲಾಸ್ಟ್ ಶೇ 3 ಇರುವವರಿಗೆ ನಾನು ಧೈರ್ಯವಾಗಿಯೇ ಮಾತಾಡುತ್ತೇನೆ.

ಆ ಧೈರ್ಯಕ್ಕೆ ಕಾರಣವಿದೆ. ಈ ರೋಗದ ಕಣಗಳಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿರುವುದನ್ನು ವಿಜ್ಞಾನಿ ಜಾನೆಟ್ ರೌಲಿ 1973ರಲ್ಲಿ ತೋರಿಸಿದರು. ಅದರಿಂದ ಹುಟ್ಟುವ ದೋಷಪೂರಿತ ಪ್ರೊಟೀನನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆ 2001ರಲ್ಲಿ ಬಂತು. ಅದಕ್ಕೆ ಮೊದಲು ಹೆಚ್ಚಿನವರು ನಾಲ್ಕೈದು ವರ್ಷದಲ್ಲಿ ತೀರಿಕೊಳ್ಳುತ್ತಿದ್ದರು. ಮಾತ್ರೆಯ ಮೊದಲ ದೊಡ್ಡ ಅಧ್ಯಯನದಲ್ಲಿ ಹತ್ತು ವರ್ಷದ ನಂತರವೂ 100ರಲ್ಲಿ 83 ಮಂದಿ ಬದುಕಿದ್ದರು. ಮೂಲ ಕಂಪನಿಯ ಮಾತ್ರೆಗೆ ಆಗ ತಿಂಗಳಿಗೆ ಲಕ್ಷ ರೂಪಾಯಿ ಮೀರಿದ ಬೆಲೆಯಿತ್ತು. ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಪೇಟೆಂಟ್ ನಿರಾಕರಿಸಿದ್ದರಿಂದ ಅಗ್ಗದ ದೇಶಿ ಮಾತ್ರೆ ನಮ್ಮವರ ಕೈಗೆ ಸಿಗುತ್ತಲೇ ಉಳಿಯಿತು.

ಮಜ್ಜೆಯ ರಿಪೋರ್ಟು ಹೇಳುವುದು ಇವತ್ತು ಎಲ್ಲಿದ್ದೀರಿ ಎಂದು. ಮುಂದಿನದನ್ನು ಹೇಳುವುದು ಮೂರು ತಿಂಗಳಿಗೊಮ್ಮೆ ಕೈಯ ರಕ್ತದಲ್ಲೇ ಆ ಅದಲುಬದಲಿನ ಗುರುತನ್ನು ಅಳೆಯುವ ಪಿಸಿಆರ್ ಪರೀಕ್ಷೆ. ಮೊದಲ ಮೂರು ತಿಂಗಳಲ್ಲಿ ಆ ಅಂಕಿ ಶೇ 10ಕ್ಕೆ ಇಳಿದರೆ ದಾರಿ ಸರಿ ಇದೆ.

ನನಗೆ ಸಂಕಟವಾಗುವುದು ಬೇರೊಂದಕ್ಕೆ. ಆರು ತಿಂಗಳಲ್ಲಿ ಗುಲ್ಮ ಇಳಿಯುತ್ತದೆ, ಊಟ ಸೇರುತ್ತದೆ, "ಗುಣವಾಯ್ತು" ಎಂದು ಮಾತ್ರೆ ಬಿಡುತ್ತಾರೆ. ಮಳೆಗಾಲದಲ್ಲಿ ಬಸ್ಸಿಲ್ಲವೆಂದು ಹದಿನೈದು ದಿನ ತಪ್ಪುತ್ತದೆ. ಹಾಗೆ ತಪ್ಪಿಸಿದವರಲ್ಲಿ ರೋಗ ಮರಳಬಹುದು, ಮದ್ದಿಗೂ ಬಗ್ಗದಂತಾಗಬಹುದು. ಹಾಗಾಗಿ "ಎಷ್ಟು ವರ್ಷ" ಎಂದವರಿಗೆ ನಾನು ಹೇಳುವುದಿಷ್ಟು: ಮಧ್ಯಾಹ್ನ ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ದಿನಾ ಮಾತ್ರೆ ನುಂಗಲಿ, ಮುಂದಿನ ಸಲ ಖಾಲಿಯಾದ ಮಾತ್ರೆ ಪಟ್ಟಿಗಳನ್ನೂ ಇದೇ ಚೀಲದಲ್ಲಿ ತನ್ನಿ, ಇಬ್ಬರೂ ಕೂತು ಎಣಿಸೋಣ.