ಖಾಲಾನ ಶಾವಿಗೆಗೂ ಒಂದು ಬೋರ್ಡು ಬೇಕು

ಯಲಬುರ್ಗಾದಲ್ಲಿ ಸಂಜೆ ಐದರ ಮೇಲೆ "ಹೊರಗೆ ಏನಾದರೂ ತಿನ್ನೋಣ" ಎಂದರೆ ಎರಡೇ ದಾರಿ. ಒಂದು ಒಗ್ಗರಣಿ-ಮಿರ್ಚಿ, ಇನ್ನೊಂದು ನೂಡಲ್ಸ್-ಗೋಬಿ. ನನಗೆ ಎರಡೂ ಇಷ್ಟ. ಆದ್ದರಿಂದ ಈ ಲೇಖನ ನೂಡಲ್ಸ್ ವಿರುದ್ಧ ಬರೆದದ್ದು ಎಂದು ದಯವಿಟ್ಟು ತಿಳಿಯಬೇಡಿ. ನಾನು ಕೇಳುತ್ತಿರುವುದು ಇಷ್ಟೇ: ನೂಡಲ್ಸ್ ಗಾಡಿ ನಮ್ಮೂರಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ನಮ್ಮ ಮನೆಗಳಲ್ಲಿ ಒಂದು ನೂಡಲ್ಸ್ ಇತ್ತು. ಅದರ ಹೆಸರು ಶಾವಿಗೆ. ಉರ್ದು ಮಾತಾಡುವ ಮನೆಯಲ್ಲೂ ಇದೆ, ಕನ್ನಡ ಮಾತಾಡುವ ಮನೆಯಲ್ಲೂ ಇದೆ. ಆದರೆ ಬಜಾರಿನಲ್ಲಿ ಕೂತು ತಿನ್ನಬೇಕೆಂದರೆ ಒಂದು ಪ್ಲೇಟು ಶಾವಿಗೆ ಎಲ್ಲಿ ಸಿಗುತ್ತದೆ, ಹೇಳಿ? ನಾನು ಹುಡುಕಿದೆ, ಸಿಗಲಿಲ್ಲ.

ಈ ಪ್ರಶ್ನೆ ನನಗೆ ಹುಟ್ಟಿದ್ದು ಬಹಳ ದೂರದ ಒಂದು ಅಡುಗೆಯ ಬಗ್ಗೆ ಓದುವಾಗ. ಮಲೇಷಿಯಾದ ಮಲಕ್ಕಾ ಮತ್ತು ಪೆನಾಂಗ್, ಪಕ್ಕದ ಸಿಂಗಪುರ, ಇವು ಹಿಂದಿನಿಂದಲೂ ಹಡಗು ವ್ಯಾಪಾರದ ಊರುಗಳು. ಶತಮಾನಗಳ ಹಿಂದೆ ಚೀನಾದಿಂದ ಬಂದ ವ್ಯಾಪಾರಿಗಳಲ್ಲಿ ಅನೇಕರು ಅಲ್ಲೇ ನೆಲೆಸಿ, ಸ್ಥಳೀಯ ಹೆಣ್ಣುಮಕ್ಕಳನ್ನು ಮದುವೆಯಾದರು. ಅವರ ವಂಶದವರಿಗೆ ಪೆರನಾಕನ್ ಎನ್ನುತ್ತಾರೆ. ಗಂಡಸರಿಗೆ ಬಾಬಾ, ಹೆಂಗಸರಿಗೆ ನ್ಯೋನ್ಯಾ. ಪೆನಾಂಗ್‌ನಲ್ಲಿ ಜಾವಿ ಪೆರನಾಕನ್ ಎಂಬ ಇನ್ನೊಂದು ಸಮುದಾಯವೂ ಇದೆ. ಅವರು ಭಾರತದಿಂದ ಹೋದ ಮುಸ್ಲಿಂ ವ್ಯಾಪಾರಿಗಳು ಮತ್ತು ಮಲಯ ಹೆಂಗಸರ ಮಕ್ಕಳು ಮೊಮ್ಮಕ್ಕಳು.

ಗಂಡನ ಕಡೆಯ ನೂಡಲ್ಸ್, ಹೆಂಡತಿಯ ಕಡೆಯ ತೆಂಗಿನ ಹಾಲು, ಹುಣಸೆ, ಮೆಣಸಿನಕಾಯಿ, ನಿಂಬೆಹುಲ್ಲು. ಇವು ಒಂದೇ ಪಾತ್ರೆಗೆ ಬಿದ್ದು ಆದದ್ದು ಲಕ್ಸಾ ಎಂಬ ನೂಡಲ್ಸ್ ಸೂಪು. ಪೆನಾಂಗ್‌ನಲ್ಲಿ ಅದನ್ನು ಮೀನು, ಹುಣಸೆಹುಳಿ ಹಾಕಿ ಮಾಡುತ್ತಾರೆ, ಮಲಕ್ಕಾದಲ್ಲಿ ತೆಂಗಿನ ಹಾಲಿನಲ್ಲಿ. ನ್ಯೋನ್ಯಾ ಅಡುಗೆಯಲ್ಲಿ ನಾವು ತಿನ್ನಲಾಗದ ಪದಾರ್ಥಗಳೂ ಇವೆ. ಆದರೆ ಲಕ್ಸಾವನ್ನು ಅಲ್ಲಿನ ಮುಸ್ಲಿಮರೂ ಮಾಡುತ್ತಾರೆ, ತಿನ್ನುತ್ತಾರೆ.

ನನಗೆ ಹಿಡಿಸಿದ್ದು ಆ ಅಡುಗೆಯ ಹೆಸರು. ಅದನ್ನು ಚೀನೀ ಅಡುಗೆ ಎಂದೋ, ಮಲಕ್ಕಾ ಅಡುಗೆ ಎಂದೋ ಕರೆಯಬಹುದಿತ್ತು. ನ್ಯೋನ್ಯಾ ಅಡುಗೆ ಎಂದೇ ಹೆಸರಾಯಿತು. ಅಂದರೆ ಮಾಡಿದವರ ಹೆಸರು ಮಾಡಿದ್ದಕ್ಕೆ ಬಂತು. ಅವರ ಅಡುಗೆಮನೆಯಲ್ಲಿ ಅಳತೆಗೆ 'ಅಗಕ್-ಅಗಕ್' ಎನ್ನುತ್ತಾರಂತೆ. ಅರ್ಥ, ಅಂದಾಜು. ನಮ್ಮ ಅಮ್ಮಿಯನ್ನು "ಉಪ್ಪು ಎಷ್ಟು ಹಾಕಲಿ?" ಎಂದು ಕೇಳಿದರೆ ಬರುವ ಉತ್ತರವೂ ಅದೇ, "ಅಂದಾಜ್ ಸೇ ಡಾಲ್." ಸಮುದ್ರದಾಚೆಯ ಹೆಂಗಸರೂ ನಮ್ಮ ಅಮ್ಮಿಯೂ ಒಂದೇ ಶಾಲೆಯಲ್ಲಿ ಕಲಿತ ಹಾಗಿದೆ.

ಇವತ್ತು ಆ ಅಂದಾಜಿನ ಅಡುಗೆ ತಿನ್ನುವುದಕ್ಕೆಂದೇ ಜನ ಪೆನಾಂಗ್‌ಗೆ, ಮಲಕ್ಕಾಗೆ ಹೋಗುತ್ತಾರೆ. 2008ರಲ್ಲಿ ಮಲಕ್ಕಾ ಮತ್ತು ಪೆನಾಂಗ್‌ನ ಜಾರ್ಜ್ ಟೌನ್ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2016ರಲ್ಲಿ ಸಿಂಗಪುರದ ಒಂದು ಪೆರನಾಕನ್ ಹೋಟೆಲಿಗೆ ಮಿಶೆಲಿನ್ ತಾರೆ ಸಿಕ್ಕಿತು. ಅಡುಗೆಮನೆಯಿಂದ ಹೊರಗೆ ಬಂದದ್ದರಿಂದ ಆ ಅಡುಗೆಗೆ ಬೆಲೆ ಬಂತು.

ಹೀಗೆ ಎರಡು ಕಡೆಯಿಂದ ಬಂದು ಕೂಡಿದ ಅಡುಗೆ ನಮ್ಮ ರಾಜ್ಯದಲ್ಲಿ ಇಲ್ಲವೇ? ಇದೆ. ಭಟ್ಕಳದ ನವಾಯತರನ್ನೇ ನೋಡಿ. ಅರಬ್ ವ್ಯಾಪಾರಿಗಳು ಕರಾವಳಿಗೆ ಬಂದು ನೆಲೆಸಿ ಆದ ಸಮುದಾಯ ಅದು. ಅವರ ನವಾಯತಿ ಭಾಷೆ ಕೊಂಕಣಿಗೆ ಹತ್ತಿರ, ಅದರೊಳಗೆ ಅರಬ್ಬಿ, ಪಾರ್ಸಿ ಪದಗಳಿವೆ. ಅವರು ಅಕ್ಕಿಯ ಬದಲು ಶಾವಿಗೆ ಹಾಕಿ ಬಿರಿಯಾನಿ ಮಾಡುತ್ತಾರೆ. ಹೌದು, ಶಾವಿಗೆ ಬಿರಿಯಾನಿ! ನೂಡಲ್ಸ್ ಸೂಪೇ ಬೇಕು ಎನ್ನುವವರು ಮಲೇಷಿಯಾದವರೆಗೆ ಹೋಗಬೇಕಿಲ್ಲ, ಹುಬ್ಬಳ್ಳಿ ದಾಟಿ ಮುಂಡಗೋಡಕ್ಕೆ ಹೋದರೆ ಸಾಕು. ಅಲ್ಲಿ 1966ರಲ್ಲಿ ಶುರುವಾದ ಟಿಬೆಟನ್ ಕಾಲೊನಿ ಇದೆ. ಅವರ ತುಕ್ಪಾ ಎಂದರೆ ಬಿಸಿ ಸಾರಿನಲ್ಲಿ ಮುಳುಗಿದ ನೂಡಲ್ಸ್. ಊರು ಬಿಟ್ಟು ಬಂದವರು ತಮ್ಮ ಅಡುಗೆಗೆ ತಮ್ಮದೇ ಹೆಸರಿನ ಬೋರ್ಡು ಹಾಕಿ ಮಾರುತ್ತಾರೆ. ಊರಲ್ಲೇ ಇರುವ ನಾವು ನಮ್ಮದಕ್ಕೆ ಬೋರ್ಡು ಹಾಕಿಲ್ಲ.

ನಮ್ಮ ಯಲಬುರ್ಗಾದಲ್ಲೂ ಎರಡು ಮನೆಗಳ ಅಡುಗೆ ಕೂಡಿದೆ. ಮೊಹರಂನಲ್ಲಿ ಮಾಡುವ ಚೊಂಗೆಯನ್ನು ನೆನೆಯಿರಿ. ಗೋಧಿ ಹಿಟ್ಟು, ಬೆಲ್ಲ, ಮೇಲೆ ಚಿತ್ತಾರ ಮೂಡಿಸುವ ಮಣೆ. ಈ ಭಾಗದ ಹಳ್ಳಿಗಳಲ್ಲಿ ಅಲಾಯಿ ದೇವರಿಗೆ ಚೊಂಗೆ ಒಯ್ಯುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಶಾವಿಗೆಯ ಕಥೆಯೂ ಹಾಗೇ. ಒಂದೇ ಕಟ್ಟೆಯ ಮೇಲೆ, ಒಂದೇ ಮಷಿನ್‌ನಲ್ಲಿ ಹೊಸೆದ ಶಾವಿಗೆ ನಮ್ಮ ಮನೆಯಲ್ಲಿ ಈದ್ ದಿನ ಶೀರ್ ಖುರ್ಮಾ ಆಗುತ್ತದೆ. ಪಕ್ಕದ ಮನೆಯಲ್ಲಿ ಅದನ್ನೇ ಬಸಿದು ಬೆಲ್ಲ, ಹಾಲು, ತುಪ್ಪ ಹಾಕಿ ಬಂದ ಬೀಗರಿಗೆ ಬಡಿಸುತ್ತಾರೆ. ನನಗೆ ಜ್ವರ ಬಂದರೆ ದಾದಿ ಕೋಳಿ ಶೋರ್ಬಾದಲ್ಲಿ ಒಂದು ಹಿಡಿ ಶಾವಿಗೆ, ನಾಲ್ಕು ಕಾಳುಮೆಣಸು ಹಾಕಿ ಕುದಿಸಿ ಕೊಡುತ್ತಾರೆ. ಅದೂ ನೂಡಲ್ಸ್ ಸೂಪೇ ಅಲ್ಲವೇ? ಲಕ್ಸಾಕ್ಕೆ ಹೆಸರಿದೆ, ತುಕ್ಪಾಕ್ಕೆ ಹೆಸರಿದೆ. ದಾದಿ ಮಾಡುವುದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ.

ಈಗ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯಾಗಿ ಸ್ವಲ್ಪ ಲೆಕ್ಕ ಹೇಳುತ್ತೇನೆ. ನಮ್ಮ ಖಾಲಾ ಬೇಸಿಗೆಯಲ್ಲಿ ಶಾವಿಗೆ ಮಾಡಿಕೊಡುತ್ತಾರೆ. ಹಿಟ್ಟು ಗಿರಾಕಿಯದು, ಕೂಲಿ ಕೆ.ಜಿ.ಗೆ 40 ರೂಪಾಯಿ. ಖಾಲಾ, ಅಮ್ಮಿ ಇಬ್ಬರೂ ಬೆಳಿಗ್ಗೆಯಿಂದ ಕೂತರೆ ದಿನಕ್ಕೆ 8 ಕೆ.ಜಿ. ಆಗುತ್ತದೆ. ಒಟ್ಟು 320 ರೂಪಾಯಿ, ಒಬ್ಬರಿಗೆ 160. ಹಿಟ್ಟು ನಾದುವುದು, ಮಷಿನ್ ತಿರುಗಿಸುವುದು, ಎಳೆ ಹರಿಯದ ಹಾಗೆ ಹಗ್ಗದ ಮೇಲೆ ಹಾಕುವುದು, ಗಾಳಿ ಬಂದರೆ ಓಡಿ ಹೋಗಿ ಮುಚ್ಚುವುದು, ಎಲ್ಲವೂ ಆ 160ರೊಳಗೆ.

ಅದೇ ಒಂದು ಕೆ.ಜಿ. ಶಾವಿಗೆಯನ್ನು ಉಪ್ಪಿಟ್ಟು ಮಾಡಿ ಮಾರಿದರೆ? ನಾನು, ಅಮ್ಮಿ ಮನೆಯಲ್ಲೇ ಅಳೆದು ನೋಡಿದೆವು. ಹೊಟ್ಟೆ ತುಂಬುವಂಥ 12 ಪ್ಲೇಟು ಆಗುತ್ತದೆ. ನೂಡಲ್ಸ್ ಹಾಫ್ ಪ್ಲೇಟಿಗೆ ನಾವು 40 ರೂಪಾಯಿ ಕೊಡುತ್ತೇವೆ. ಶಾವಿಗೆಗೆ 25 ಇಡೋಣ. ಬರುವುದು 300 ರೂಪಾಯಿ. ಖರ್ಚು: ಹಿಟ್ಟು 50, ಉಳ್ಳಾಗಡ್ಡಿ, ಮೆಣಸಿನಕಾಯಿ, ಎಣ್ಣೆ, ಶೇಂಗಾ, ಕೊತ್ತಂಬರಿಗೆ 70, ಗ್ಯಾಸ್ 20, ಪ್ಲೇಟು 20. ಕೈಯಿಂದ ಹೋಗುವುದು 160. ಇದಕ್ಕೆ ಶಾವಿಗೆ ಹೊಸೆದ ಕೂಲಿ 40, ಅಡುಗೆ ಮಾಡಿ ಬಡಿಸಿದ ಕೂಲಿ 40 ಸೇರಿಸಿದರೆ 240. ಲಾಭ 60. ಕೂಲಿ ಮತ್ತು ಲಾಭ ಕೂಡಿದರೆ ಮನೆಗೆ ಬರುವುದು 140 ರೂಪಾಯಿ. ಹತ್ತನೇ ಪ್ಲೇಟು ಹೋದ ಕೂಡಲೇ ಬ್ರೇಕ್ ಈವನ್. ವ್ಯಾಪಾರ ಆಗದೆ 8 ಪ್ಲೇಟು ಮಾತ್ರ ಹೋದರೂ ಕೈಯಲ್ಲಿ 40 ಉಳಿಯುತ್ತದೆ, ಅಂದರೆ ಈಗ ಸಿಗುತ್ತಿರುವ ಕೂಲಿಯಷ್ಟು.

ಈ ಲೆಕ್ಕದಲ್ಲಿ ನೀವು ಗಮನಿಸಬೇಕಾದ್ದು ಎರಡು ಸಾಲು. ಹೊಸೆದ ಕೂಲಿ, ಬಡಿಸಿದ ಕೂಲಿ. ಮನೆಯಲ್ಲಿ ಇವೆರಡನ್ನೂ ಯಾರೂ ಬರೆಯುವುದಿಲ್ಲ. ವೆಚ್ಚದ ಪಟ್ಟಿಯಲ್ಲಿ ಕೂಲಿ ಬಿಟ್ಟರೆ ನಮ್ಮ ಉಪನ್ಯಾಸಕರು ಅಂಕ ಕಡಿಯುತ್ತಾರೆ. ಮನೆಯಲ್ಲಿ ಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ.

ನಾನು ಈ ಮಾತು ಎತ್ತಿದಾಗ ಮೂರು ಆಕ್ಷೇಪಣೆ ಬಂದವು.

ಮೊದಲನೆಯದು, "ಮನ್ಯಾಗ ಸಿಗೋದಕ್ಕ ರೊಕ್ಕ ಕೊಟ್ಟು ಯಾರ ತಿಂತಾರ?" ಇಡ್ಲಿ ಮನೆಯಲ್ಲಿ ಆಗುವುದಿಲ್ಲವೇ? ಒಗ್ಗರಣಿ ಆಗುವುದಿಲ್ಲವೇ? ಆದರೂ ಹೋಟೆಲುಗಳು ತುಂಬಿರುತ್ತವೆ. ಖಾನಾವಳಿಗಳು ನಡೆಯುವುದೇ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿಯ ಮೇಲೆ. ಹಳ್ಳಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟು ಬರುವ ನಮ್ಮ ಸಹಪಾಠಿಗಳಿಗೆ ಮಧ್ಯಾಹ್ನ ಮನೆ ಎಲ್ಲಿರುತ್ತದೆ? ಕಲಬುರಗಿಯಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಬಡಿಯುವ ರೊಟ್ಟಿಗೆ ಜಿಲ್ಲಾಡಳಿತ 'ಕಲಬುರಗಿ ರೊಟ್ಟಿ' ಎಂಬ ಬ್ರ್ಯಾಂಡ್ ಕೊಟ್ಟಿದೆ, ಆನ್‌ಲೈನ್‌ನಲ್ಲೂ ಮಾರಾಟವಾಗುತ್ತದೆ. ರೊಟ್ಟಿಗಿಂತ ಮನೆಯ ಅಡುಗೆ ಇನ್ಯಾವುದಿದೆ?

ಎರಡನೆಯದು, "ಮನೆ ಹೆಣ್ಣುಮಕ್ಕಳು ಬಜಾರದಲ್ಲಿ ಅಡುಗೆ ಮಾರುವುದೇ?" ಹಿರಿಯರ ಮೇಲಿನ ಗೌರವದಿಂದಲೇ ಹೇಳುತ್ತೇನೆ. ಹಜ್ರತ್ ಖದೀಜಾ (ರ.ಅ.) ಅವರು ವ್ಯಾಪಾರ ನಡೆಸಿದವರು ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದವರು ಅದೇ ಹಿರಿಯರು. ಖಾಲಾ ತಾನೇ ಗಾಡಿಯ ಮುಂದೆ ನಿಲ್ಲಬೇಕೆಂದೂ ಇಲ್ಲ. ಮನೆಯಲ್ಲಿ ಮಾಡಿ ಕಳಿಸಬಹುದು, ಸಂಘದ ಮೂಲಕ ಮಾರಬಹುದು. ಸಣ್ಣ ಆಹಾರ ವ್ಯಾಪಾರಕ್ಕೆ ಆಹಾರ ಸುರಕ್ಷತಾ ಕಾಯ್ದೆಯಡಿ ಬೇಕಾಗಿರುವುದು ಸರಳ ನೋಂದಣಿ.

ಮೂರನೆಯದು ನನ್ನ ಗೆಳತಿಯದು. "ಶಾವಿಗೆ ಇಟ್ಟರೂ ನಾವು ಎಲ್ಲಿ ಕೂತು ತಿನ್ನಬೇಕು?" ಇದಕ್ಕೆ ನನ್ನ ಬಳಿ ಸುಲಭದ ಉತ್ತರ ಇಲ್ಲ. ಒಮ್ಮೆ ನಾವು ಮೂವರು ಹುಡುಗಿಯರು ಒಂದು ಹೋಟೆಲಿಗೆ ಹೋದಾಗ, ಟೇಬಲ್ ಖಾಲಿ ಇದ್ದರೂ "ಪಾರ್ಸೆಲ್ ಒಯ್ರಿ" ಎಂದರು. ಬುರ್ಖಾ ಹಾಕಿದ್ದಕ್ಕೋ, ಬರೀ ಹುಡುಗಿಯರು ಎಂದೋ ಗೊತ್ತಾಗಲಿಲ್ಲ. ಪಾರ್ಸೆಲ್ ತೆಗೆದುಕೊಂಡು ಬಸ್ ನಿಲ್ದಾಣದ ಮೂಲೆಯಲ್ಲಿ ನಿಂತು ತಿಂದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಬರುವ ಹೆಂಗಸರಿಗೆ ಬಸ್ಸಿನ ಖರ್ಚು ಉಳಿದಿದೆ. ಬಸ್ ಇಳಿದ ಮೇಲೆ ನಿಶ್ಚಿಂತೆಯಿಂದ ಕೂತು ತಿನ್ನಲು ಒಂದು ಬೆಂಚು ಇನ್ನೂ ಬಂದಿಲ್ಲ. ಹೆಂಗಸರೇ ಮಾಡಿ, ಹೆಂಗಸರೇ ಬಡಿಸುವ ಒಂದು ಶಾವಿಗೆ ಅಂಗಡಿ ಇದ್ದರೆ ಆ ಬೆಂಚು ಅಲ್ಲಿ ತಾನಾಗಿಯೇ ಬರುತ್ತದೆ ಎಂದು ನನ್ನ ನಂಬಿಕೆ.

ಆರೋಗ್ಯದ ಮಾತೂ ಇದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಆಗ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಎಲ್ಲ ಗಾಡಿಯವರೂ ಹಾಗೆ ಎನ್ನಲಾರೆ. ಅವರೂ ದುಡಿದು ತಿನ್ನುವವರೇ, ಬಣ್ಣವಿಲ್ಲದೆ ಒಳ್ಳೆಯ ಗೋಬಿ ಮಾಡುವವರೂ ಇದ್ದಾರೆ. ಹಾಗೆಯೇ ಮನೆಯದು ಎಂದ ಮಾತ್ರಕ್ಕೆ ಎಲ್ಲವೂ ಶುದ್ಧ ಎಂದೂ ಅಲ್ಲ. ಶಾವಿಗೆ ಬಜಾರಿಗೆ ಬಂದರೆ ಅದಕ್ಕೂ ಅದೇ ನಿಯಮ, ಅದೇ ತಪಾಸಣೆ ಇರಲಿ.

ಬಜಾರು ಬದಲಾಗಲು ಸಮಯ ಬೇಕು. ಕಾಲೇಜು ಬದಲಾಗಲು ಒಂದು ಸೂಚನೆ ಸಾಕು. ನಮ್ಮ ವಾಣಿಜ್ಯ ವಿಭಾಗ ಪ್ರತಿ ವರ್ಷ ವ್ಯಾಪಾರ ಮೇಳ ಮಾಡುತ್ತದೆ. ಕಳೆದ ಸಲ ಒಂಬತ್ತು ತಿಂಡಿ ಮಳಿಗೆಗಳಲ್ಲಿ ಏಳರಲ್ಲಿ ನೂಡಲ್ಸ್ ಅಥವಾ ಗೋಬಿ ಇತ್ತು. ಏಳು ಅಂಗಡಿ ಒಂದೇ ಸರಕು ಮಾರಿದರೆ ಬೆಲೆ ಏನಾಗುತ್ತದೆ ಎಂದು ಅರ್ಥಶಾಸ್ತ್ರ ಓದುವವರಿಗೆ ಹೇಳಬೇಕಿಲ್ಲ. ಕೊನೆಗೆ ಹತ್ತು ರೂಪಾಯಿಗೆ ಪ್ಲೇಟು ಕೊಟ್ಟು ಖಾಲಿ ಮಾಡಿದರು. ಈ ವರ್ಷಕ್ಕೆ ಪ್ರಾಂಶುಪಾಲರಲ್ಲಿ ಮತ್ತು ನಮ್ಮ ವಿಭಾಗದ ಸರ್, ಮೇಡಂ ಅವರಲ್ಲಿ ನನ್ನ ವಿನಂತಿ ಮೂರು.

ಒಂದು, ಪ್ರತಿ ತಿಂಡಿ ಮಳಿಗೆಯಲ್ಲಿ ಮನೆಯಿಂದ ಬಂದ ಒಂದು ಪದಾರ್ಥ ಕಡ್ಡಾಯ ಇರಲಿ. ಶಾವಿಗೆ, ಚೊಂಗೆ, ದಾಲ್ಚಾ, ಮಾದಲಿ, ಸಜ್ಜೆ ರೊಟ್ಟಿ, ಯಾವುದಾದರೂ ಸರಿ.

ಎರಡು, ಮಾಡಿದವರ ಹೆಸರು ಬೋರ್ಡಿನ ಮೇಲೆ ಇರಲಿ. ಹೆಸರು ಬೇಡ ಎನ್ನುವವರು 'ಅಮ್ಮಿ' ಎಂದೋ 'ಅವ್ವ' ಎಂದೋ ಬರೆಸಲಿ. ನ್ಯೋನ್ಯಾ ಎಂಬುದೂ ಒಬ್ಬರ ಹೆಸರಲ್ಲ, ಎಲ್ಲ ಹೆಂಗಸರಿಗೂ ಸೇರಿದ ಹೆಸರು.

ಮೂರು, ಮೇಳದ ಕೊನೆಗೆ ಒಪ್ಪಿಸುವ ಲೆಕ್ಕಪತ್ರದಲ್ಲಿ ಮನೆಯಲ್ಲಿ ಅಡುಗೆ ಮಾಡಿದವರ ಕೂಲಿಯ ಸಾಲು ಇರಲೇಬೇಕು, ಆ ಹಣ ಅವರ ಕೈಗೆ ಮುಟ್ಟಲೇಬೇಕು. ಅದು ಇಲ್ಲದ ಲೆಕ್ಕಕ್ಕೆ ಬಹುಮಾನ ಕೊಡಬೇಡಿ.

ನೂಡಲ್ಸ್ ಗಾಡಿಗೆ ನಾನು ಮುಂದೆಯೂ ಹೋಗುತ್ತೇನೆ. ಪಕ್ಕದಲ್ಲಿ ಇನ್ನೊಂದು ಗಾಡಿ ಇರಲಿ ಎಂಬುದಷ್ಟೇ ನನ್ನ ಆಸೆ. ಖಾಲಾಗೆ ಈ ಲೆಕ್ಕ ಓದಿ ಹೇಳಿದೆ. ಪೂರ್ತಿ ಕೇಳಿ, "25 ಕಡಿಮೆ ಆಯ್ತು, 30 ಇಡು" ಎಂದರು. ವ್ಯಾಪಾರ ಅವರಿಗೆ ಬರುತ್ತದೆ. ಅಂಗಡಿ ಕೊಡುವುದು ನಮ್ಮ ಕೆಲಸ.