‘ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತದಲ್ಲ!’

ಭಾಷಾ ತಂತ್ರಜ್ಞಾನದ ವಿಚಾರ ಸಂಕಿರಣಗಳಲ್ಲಿ ಒಂದು ಮಾತು ಪದೇಪದೇ ಕಿವಿಗೆ ಬೀಳುತ್ತದೆ: ‘ತಂತ್ರಾಂಶ ಸಿದ್ಧವಾಗಿದೆ, ಸೋರ್ಸ್ ಕೋಡನ್ನೂ ಎಲ್ಲರಿಗೂ ಮುಕ್ತವಾಗಿ ಇಟ್ಟಿದ್ದೇವೆ.’ ಸಭೆ ಚಪ್ಪಾಳೆ ತಟ್ಟುತ್ತದೆ. ಊಟದ ಹೊತ್ತಿನಲ್ಲಿ ಹತ್ತಿರ ಹೋಗಿ, ‘ಸಾರ್, ನನ್ನ ಕಂಪ್ಯೂಟರಿನಲ್ಲಿ ಅದು ಓಡುತ್ತಿಲ್ಲ’ ಎಂದರೆ ಬರುವ ಉತ್ತರವೂ ಒಂದೇ: ‘ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತದಲ್ಲ!’

ಈ ಉತ್ತರವನ್ನು ಇನ್ನು ಮುಂದೆ ಒಪ್ಪಬಾರದು ಎಂಬುದು ನನ್ನ ವಾದ. ಬೇರೆಯವರ ಯಂತ್ರದಲ್ಲಿ ಓಡುವಂತೆ ಕಟ್ಟಿಕೊಡದ ತಂತ್ರಾಂಶ ಪ್ರಕಟವಾಗಿದೆ ಎನ್ನಲಾಗದು. ಅದು ಬೀರುವಿನಲ್ಲಿಟ್ಟ ಹಸ್ತಪ್ರತಿ. ಬೀಗದಕೈ ಬರೆದವರ ಜೇಬಿನಲ್ಲಿದೆ.

ಈ ಸಿಟ್ಟು ಸುಮ್ಮನೆ ಬಂದದ್ದಲ್ಲ. ನನ್ನ ಪಿಎಚ್‌.ಡಿ. ಹಳೆಯ ಕನ್ನಡ ನಿಯತಕಾಲಿಕೆಗಳ ಮೇಲೆ. ಆ ಪಠ್ಯಗಳಲ್ಲಿ ಪದಗಳನ್ನು ಬಿಡಿಸಿ ಎಣಿಸುವ ಒಂದು ಸಣ್ಣ ತಂತ್ರಾಂಶವನ್ನು ವಿದ್ಯಾರ್ಥಿಯೊಬ್ಬ ಯೋಜನೆಗಾಗಿ ಮಾಡಿದ್ದ. ಒಂದಿಡೀ ಅಧ್ಯಾಯದ ಅಂಕಿಗಳನ್ನು ಅದರಿಂದಲೇ ತೆಗೆದೆ. ಎರಡು ವರ್ಷದ ಮೇಲೆ ಪ್ರಯೋಗಾಲಯಕ್ಕೆ ಹೊಸ ಕಂಪ್ಯೂಟರುಗಳು ಬಂದವು. ಅವನು ಕಟ್ಟಿಕೊಟ್ಟಿದ್ದ ಒಂದೇ ಒಂದು ಫೈಲು ತೆರೆಯಲಿಲ್ಲ. ಕೋಡ್ ಇತ್ತು. ಅದನ್ನು ಕಟ್ಟಲು ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕು ಎಂಬುದು ಎಲ್ಲಿಯೂ ಬರೆದಿರಲಿಲ್ಲ. ಫೋನ್ ಮಾಡಿದೆ. ‘ಅಯ್ಯೋ ಅಕ್ಕಾ, ಆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಬಿಟ್ಟೆ’ ಎಂದ. ಅವನದು ತಪ್ಪಲ್ಲ. ಅವನಿಂದ ಯಾರೂ ಅದನ್ನು ಕೇಳಿರಲಿಲ್ಲ. ಆದರೆ ಈಗ ಆ ಅಧ್ಯಾಯದ ಅಂಕಿಗಳನ್ನು ಪರೀಕ್ಷಕರಷ್ಟೇ ಅಲ್ಲ, ನಾನೇ ಮರಳಿ ಪರಿಶೀಲಿಸುವಂತಿಲ್ಲ.

ಸಾಹಿತ್ಯದ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೋರ್ಸ್ ಕೋಡ್ ಎಂದರೆ ಮನುಷ್ಯರು ಓದಿ ತಿದ್ದಬಹುದಾದ ಬರಹ. ಅನೇಕ ತಂತ್ರಾಂಶಗಳಲ್ಲಿ ಅದನ್ನು ಯಂತ್ರ ಓಡಿಸಬಲ್ಲ ಬೈನರಿಯಾಗಿ ಮಾರ್ಪಡಿಸಬೇಕು. ಇದೇ ಕಟ್ಟುವ ಕೆಲಸ, ಬಿಲ್ಡ್. ವಿಂಡೋಸ್‌ಗೆ ಕಟ್ಟಿದ್ದು ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ, ಲಿನಕ್ಸ್‌ಗೆ ಕಟ್ಟಿದ್ದು ಮ್ಯಾಕ್‌ನಲ್ಲಿ ಓಡುವುದಿಲ್ಲ. 2020ರಲ್ಲಿ ಆಪಲ್ ತನ್ನದೇ ಚಿಪ್ಪಿಗೆ ಬದಲಾದ ಮೇಲೆ ಮ್ಯಾಕ್‌ನಲ್ಲೂ ಎರಡು ಬಗೆ. ಹೀಗೆ ಒಂದೇ ಬರಹಕ್ಕೆ ನಾಲ್ಕಾರು ಮುದ್ರಣ ಬೇಕು.

ಕಟ್ಟುವಾಗ ಆಗುವ ಮೋಸ ಸೂಕ್ಷ್ಮವಾದದ್ದು. ಅಜ್ಜಿಯ ಸಾರಿನ ಹಾಗೆ. ‘ಕಣ್ಣಳತೆಯಲ್ಲಿ ಹಾಕು’ ಎಂದು ಅವರು ಹೇಳಿದ್ದನ್ನು ಬರೆದುಕೊಂಡು ಬಂದು ನಮ್ಮ ಮನೆಯಲ್ಲಿ ಮಾಡಿದರೆ ಆ ರುಚಿ ಬರುವುದಿಲ್ಲ. ಅವರ ಡಬ್ಬಿಯ ಪುಡಿ ಯಾವುದು, ಹುಣಸೆ ಎಷ್ಟು ಹಳೆಯದು ಎಂಬುದು ಬರಹಕ್ಕೆ ಇಳಿದಿರಲಿಲ್ಲ. ಬರೆದವರ ಲ್ಯಾಪ್‌ಟಾಪೂ ಅಂಥದ್ದೇ ಅಡುಗೆಮನೆ. ಯಾವತ್ತೋ ಹಾಕಿಕೊಂಡು ಮರೆತ ಲೈಬ್ರರಿಗಳು ಅಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತವೆ.

ಇದಕ್ಕೆ ಮದ್ದು ಹೊಸದೇನಲ್ಲ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದಂತೆ ನಡೆಯುವ ವರ್ಚುವಲ್ ಮಷೀನನ್ನು ಪ್ರತಿಸಲವೂ ಹೊಚ್ಚಹೊಸದಾಗಿ ಎಬ್ಬಿಸುವುದು. ಅದರೊಳಗೆ ಒಂದು ಪಟ್ಟಿಯಲ್ಲಿ ಬರೆದ ಸಾಮಗ್ರಿಯನ್ನಷ್ಟೇ ಹಾಕುವುದು. ಕೋಡನ್ನು ಕಟ್ಟಿ, ಪರೀಕ್ಷಿಸಿ, ಪ್ಯಾಕೇಜು ಮಾಡಿ, ಕೊನೆಗೆ ಆ ಯಂತ್ರವನ್ನೇ ಎಸೆದುಬಿಡುವುದು. ವಿಂಡೋಸ್‌ಗೊಂದು, ಮ್ಯಾಕ್‌ಗೊಂದು, ಲಿನಕ್ಸ್‌ಗೊಂದು. ಕೋಡಿನಲ್ಲಿ ಒಂದು ಸಾಲು ಬದಲಾದರೂ ಇದೆಲ್ಲ ಮನುಷ್ಯರ ಕೈ ತಾಗದೆ ಮತ್ತೆ ನಡೆಯಬೇಕು. ಪಟ್ಟಿಯಲ್ಲಿ ಬರೆಯದ ಸಾಮಗ್ರಿ ಹೊಸ ಯಂತ್ರದಲ್ಲಿ ಇರುವುದಿಲ್ಲವಾದ್ದರಿಂದ ಮರೆವು ಅಲ್ಲೇ ಸಿಕ್ಕಿಬೀಳುತ್ತದೆ. ಓಪನ್‌ಸೂಸೆ ಸಮುದಾಯದ ‘ಓಪನ್ ಬಿಲ್ಡ್ ಸರ್ವಿಸ್’ ಇಂಥದ್ದೇ ವ್ಯವಸ್ಥೆ: ಒಂದು ಸೋರ್ಸ್ ಕೊಟ್ಟರೆ ಫೆಡೋರಾ, ಡೆಬಿಯನ್, ಉಬುಂಟು ಮೊದಲಾದ ಹಲವು ಲಿನಕ್ಸ್‌ಗಳಿಗೆ ಪ್ಯಾಕೇಜು ಕಟ್ಟುತ್ತದೆ.

ಡೆಬಿಯನ್‌ನವರು ಇನ್ನೂ ಕಟ್ಟುನಿಟ್ಟು. ಬರೆದವರು ತಮ್ಮ ಯಂತ್ರದಲ್ಲೇ ಕಟ್ಟಿ ಕಳಿಸಿದ ಬೈನರಿ ಮುಂದಿನ ಆವೃತ್ತಿಯ ಕಡೆಗೆ ಸಾಗುವಂತಿಲ್ಲ ಎಂದು 2019ರ ಜುಲೈಯಲ್ಲಿ ಸಾರಿದರು. ಸೋರ್ಸ್ ಕೊಡಿ, ಕಟ್ಟುವುದು ನಮ್ಮ ಯಂತ್ರಗಳ ಕೆಲಸ ಎಂಬುದು ಇದರ ತಾತ್ಪರ್ಯ. 2023ರಲ್ಲಿ ಬಂದ ಡೆಬಿಯನ್ 12 ಒಂಬತ್ತು ಬಗೆಯ ಯಂತ್ರರಚನೆಗಳಿಗೆ ಹೀಗೆ ಸಿದ್ಧವಾಯಿತು. ಇದರ ಹಿಂದೆ ಇರುವುದು ಬಹುಪಾಲು ಸ್ವಯಂಸೇವಕರು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಟೆಸರಾಕ್ಟ್. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಓದುವ ಈ ತಂತ್ರಾಂಶ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾಯಿತು, ಕನ್ನಡವನ್ನೂ ಓದುತ್ತದೆ. ವಿಂಡೋಸ್ ಬಳಸುವವರು ಅದನ್ನು ಹಾಕಿಕೊಳ್ಳಲು ಹೊರಟರೆ ಯೋಜನೆಯ ಕೈಪಿಡಿ ಕೈತೋರಿಸುವುದು ಜರ್ಮನಿಯ ಮ್ಯಾನ್‌ಹೈಮ್ ವಿಶ್ವವಿದ್ಯಾಲಯದ ಗ್ರಂಥಾಲಯದ ಕಡೆಗೆ. ಹಳೆಯ ಜರ್ಮನ್ ಪತ್ರಿಕೆಗಳನ್ನು ಓದಿಸಲು ಆ ಗ್ರಂಥಾಲಯಕ್ಕೆ ಟೆಸರಾಕ್ಟ್ ಬೇಕಿತ್ತು. ತಮಗಾಗಿ ಕಟ್ಟಿಕೊಂಡದ್ದನ್ನು ಲೋಕಕ್ಕೂ ಕೊಟ್ಟರು. ಅಂದರೆ ನಮ್ಮ ಹಾಸ್ಟೆಲಿನ ಕೋಣೆಯಲ್ಲಿ ಕುಳಿತು ಹಳೆಯ ಕನ್ನಡ ಪುಸ್ತಕದ ಪುಟವನ್ನು ಯಂತ್ರಕ್ಕೆ ಓದಿಸಿದಾಗ, ಆ ಉಪಕರಣವನ್ನು ನಮ್ಮ ಕೈಗೆ ದಾಟಿಸಿದ್ದು ಜರ್ಮನಿಯ ಒಂದು ಗ್ರಂಥಾಲಯ. ನನಗೆ ಇದರಲ್ಲಿ ಕೃತಜ್ಞತೆಯೂ ಇದೆ, ನಾಚಿಕೆಯೂ ಇದೆ. ಕನ್ನಡಕ್ಕಾಗಿ ಈ ಕೆಲಸವನ್ನು ನಮ್ಮ ಗ್ರಂಥಾಲಯಗಳೇಕೆ ಮಾಡಬಾರದು?

‘ಕೋಡ್ ಇದೆಯಲ್ಲ, ನೀವೇ ಕಟ್ಟಿಕೊಳ್ಳಿ’ ಎನ್ನುವವರಿದ್ದಾರೆ. ಇದು ಅಚ್ಚಿನ ಮೊಳೆಗಳನ್ನು ಕೈಗೆ ಕೊಟ್ಟು, ಪುಸ್ತಕ ಕೊಟ್ಟಿದ್ದೇವೆ ಎಂದ ಹಾಗೆ. ‘ಜಾಲತಾಣದಲ್ಲೇ ಓಡಿಸಿದರಾಯಿತು’ ಎನ್ನುವವರೂ ಇದ್ದಾರೆ. ಅನುದಾನ ಮುಗಿದ ದಿನ ಸರ್ವರೂ ಮುಗಿಯುತ್ತದೆ. ಬಳಸುವವರ ಕೈಯಲ್ಲಿ ಪ್ರತಿಯೂ ಉಳಿಯುವುದಿಲ್ಲ. ಖರ್ಚಿನ ಮಾತು ಬಂದರೆ, ಎಲ್ಲರಿಗೂ ತೆರೆದ ಯೋಜನೆಗಳಿಗೆ ಗಿಟ್‌ಹಬ್ ಈ ಮೂರೂ ವ್ಯವಸ್ಥೆಗಳ ವರ್ಚುವಲ್ ಮಷೀನುಗಳನ್ನು ಉಚಿತವಾಗಿ ಕೊಡುತ್ತದೆ. ಸ್ವಂತ ವ್ಯವಸ್ಥೆಯೇ ಬೇಕೆಂದರೆ ಮ್ಯಾಕ್‌ಗೆ ಮಾತ್ರ ಸ್ವಲ್ಪ ತೊಡಕು: ಆಪಲ್‌ನ ಪರವಾನಗಿಯಂತೆ ಮ್ಯಾಕ್ ವ್ಯವಸ್ಥೆಯನ್ನು ಆಪಲ್ ಯಂತ್ರದೊಳಗಷ್ಟೇ ಓಡಿಸಬಹುದು. ಒಂದು ಮ್ಯಾಕ್ ಮಿನಿ ಕೊಂಡರೆ ಆ ತೊಡಕೂ ಕಳೆಯುತ್ತದೆ.

ಒಂದು ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಎಲ್ಲವನ್ನೂ ಕಟ್ಟುವ ಯಂತ್ರವೇ ಕೆಟ್ಟವರ ಕೈಗೆ ಸಿಕ್ಕರೆ? 2020ರಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ಆದದ್ದು ಅದೇ. ದಾಳಿಕೋರರು ಆ ಕಂಪನಿಯ ಬಿಲ್ಡ್ ವ್ಯವಸ್ಥೆಯೊಳಗೆ ನುಗ್ಗಿ, ಕಟ್ಟುವ ಹೊತ್ತಿನಲ್ಲಿ ತಮ್ಮ ಕೋಡನ್ನು ಸೇರಿಸಿದರು. ಸುಮಾರು 18,000 ಗ್ರಾಹಕರ ಕಡೆಗೆ ಅದು ಹೋಯಿತು. ಆದರೆ ಇದಕ್ಕೆ ಪರಿಹಾರ ಯಂತ್ರ ಬಿಟ್ಟು ಲ್ಯಾಪ್‌ಟಾಪಿಗೆ ಮರಳುವುದಲ್ಲ. ಒಂದೇ ಸೋರ್ಸನ್ನು ಪರಸ್ಪರ ಸಂಬಂಧವಿಲ್ಲದ ಎರಡು ಕಡೆ ಕಟ್ಟಿ, ಬೈನರಿಗಳು ಒಂದು ಬಿಟ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತವೆಯೇ ಎಂದು ನೋಡುವುದು. ಡೆಬಿಯನ್ ಸೇರಿದಂತೆ ಹಲವರು ಈ ದಾರಿಯಲ್ಲಿದ್ದಾರೆ. ಗ್ರಂಥಸಂಪಾದನೆ ಓದಿದವರಿಗೆ ಇದು ಹೊಸದಾಗಿ ಕಾಣದು: ಒಂದೇ ಪ್ರತಿಯನ್ನು ನಂಬಬೇಡ, ಇನ್ನೊಂದರ ಪಕ್ಕದಲ್ಲಿಟ್ಟು ಪಾಠಾಂತರ ನೋಡು ಎಂಬುದೇ ನಮಗೆ ಕಲಿಸಿದ ಮೊದಲ ಪಾಠ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಸಾರ್ವಜನಿಕ ಹಣದಲ್ಲಿ ತಯಾರಾದ ಪ್ರತಿಯೊಂದು ಕನ್ನಡ ತಂತ್ರಾಂಶಕ್ಕೂ ತಾನಾಗಿ ನಡೆಯುವ ಬಿಲ್ಡ್ ಕಡ್ಡಾಯವಾಗಲಿ. ಅದಿಲ್ಲದೆ ಕೊನೆಯ ಕಂತು ಬಿಡುಗಡೆಯಾಗದಿರಲಿ. ಅಂಕಿಗಳನ್ನು ತಂತ್ರಾಂಶದಿಂದ ತೆಗೆದ ಮಹಾಪ್ರಬಂಧಗಳಿಗೂ ಇದೇ ನಿಯಮ ಬರಲಿ, ನನ್ನದನ್ನೂ ಸೇರಿಸಿ. ಮುಂದಿನ ಸಂಕಿರಣದಲ್ಲಿ ಯಾರಾದರೂ ‘ತಂತ್ರಾಂಶ ಸಿದ್ಧವಾಗಿದೆ’ ಎಂದಾಗ ಚಪ್ಪಾಳೆಗೆ ಮುಂಚೆ ಒಬ್ಬರಾದರೂ ಎದ್ದು ಕೇಳಿ: ‘ಯಾವ ಯಂತ್ರದಲ್ಲಿ ಕಟ್ಟಿದಿರಿ ಸಾರ್? ನಿಮ್ಮದಲ್ಲದ ಯಂತ್ರದಲ್ಲಿ ಒಮ್ಮೆ ಕಟ್ಟಿ ತೋರಿಸುತ್ತೀರಾ?’